ದೋಣಿ ಹತ್ತುವ ಮುಂಚಿನ ಮಾತು

ಅಶೋಕ ದೋಣಿ ನಡೆಸುವ ತಾಂಡೇಲನಾಗಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಅಷ್ಟರಲ್ಲೇ ಅವನಿಗೆ ಒಂದು ವಿದ್ಯೆ ಚೆನ್ನಾಗಿ ಕೈಹತ್ತಿತ್ತು: ಯಾರ ಮುಖವನ್ನೂ ನೋಡದೆ ಎಲ್ಲರಿಗೂ ಅಪ್ಪಣೆ ಕೊಡುವುದು.

"ಹತ್ತಿ, ಹತ್ತಿ. ಉಳ್ದ್ ದೋಣಿಯೆಲ್ಲ ಹೋಯ್ ಆಯ್ತ್," ಎಂದು ಸಮುದ್ರಕ್ಕೆ ಹೇಳಿದ.

ಬೆನ್ನ ಹಿಂದೆ, ಹೊಳೆ ಸಮುದ್ರ ಸೇರುವ ಅಳಿವೆಯ ಮರಳಿನಲ್ಲಿ ನಿಂತಿದ್ದ ಹತ್ತು ಹನ್ನೆರಡು ಮಂದಿ ಒಬ್ಬೊಬ್ಬರಾಗಿ ನಾಡದೋಣಿ ಹತ್ತಿದರು. ಕೊನೆಗೆ ಉಳಿದವನು ಮುತ್ತ. ಬಲೆ ಎಳೆಯಲು ನಿಂತರೆ ಇಬ್ಬರ ಕೆಲಸವನ್ನು ಒಬ್ಬನೇ ಮಾಡುವ ಆಸಾಮಿ. ಆವತ್ತು ಅವನು ತಲೆಗೆ ಪ್ಲಾಸ್ಟಿಕ್ ಹೊದ್ದುಕೊಂಡು, ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು ಅಶೋಕನ ಬೆನ್ನನ್ನೇ ನೋಡುತ್ತಿದ್ದ. ಏನಾದರೂ ಕೇಳುತ್ತಾನೋ ಎಂದು ಕಾಯುತ್ತಿದ್ದ. ಅಶೋಕ ತಿರುಗಲಿಲ್ಲ. ಮುತ್ತ ದೋಣಿಯ ಅಂಚಿಗೆ ಕೈ ಹಾಕಿದ, ಕೈ ಜಾರಿತು, ಒಳಗಿದ್ದ ಕುಷ್ಟ ಅವನ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡ.

ಇದೊಂದನ್ನೂ ಅಶೋಕ ಕಾಣಲಿಲ್ಲ. ಆ ಕಡೆ ತಿರುಗಿದರೆ ಮರಳಿನ ಮೇಲೆ ಕೂತಿದ್ದ ಮಾವನೂ ಕಣ್ಣಿಗೆ ಬೀಳುತ್ತಿದ್ದರು. ಬೀಳುವುದು ಅವನಿಗೆ ಬೇಡವಾಗಿತ್ತು.

ಕೊರಗ ತಾಂಡೇಲ ಎಂದರೆ ಬೈಂದೂರು, ಯಡ್ತರೆ ಕಡೆ ಸಮುದ್ರಕ್ಕಿಳಿಯುವವರಲ್ಲಿ ಗೊತ್ತಿಲ್ಲದವರಿಲ್ಲ. ಅಶೋಕನ ತಾಯಿ ಅಮ್ಮಣ್ಣಿಗೆ ಸ್ವಂತ ಅಣ್ಣ. ಹೆಂಡತಿ ಬೇಗ ಹೋದ ಮೇಲೆ ತಂಗಿಯ ಮನೆಯಲ್ಲೇ ಉಳಿದವರು. ಅಶೋಕನ ಕೈಗೆ ಮೊದಲ ಸಲ ಹುಟ್ಟು ಕೊಟ್ಟವರೂ ಅವರೇ, ಅವನು ಅಲೆ ಕಂಡು ಅತ್ತಾಗ ಕೆನ್ನೆಗೆ ಕೊಟ್ಟವರೂ ಅವರೇ.

ಆ ಕೊರಗ ಮಾವನಿಗೆ ಒಂದು ರೂಢಿಯಿತ್ತು. ಬೆಳಿಗ್ಗೆ ದೋಣಿ ಹತ್ತುವ ಮುಂಚೆ ಒಬ್ಬೊಬ್ಬನ ಎದುರಿಗೂ ಹೋಗಿ ನಿಂತು, ಮುಖ ನೋಡಿ, "ಬತ್ಯಾ?" ಎಂದು ಕೇಳುವರು. ದೋಣಿಯೊಳಗೆ ತುಂಬಿದ ನೀರು ಚೇಪಿ ಹೊರಹಾಕುವವನಿಂದ ಶುರು, ಸ್ವಂತ ಸೋದರಳಿಯ ಕೊನೆಗೆ. ಎದುರಿನವನು "ಬತ್ತೆ" ಎಂದರೆ ದೋಣಿಗೆ, "ಬತ್ತಿಲ್ಲೆ" ಎಂದರೆ ಮನೆಗೆ. ಬತ್ತಿಲ್ಲೆ ಅಂದವನನ್ನು ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ, ತಾಂಡೇಲನೂ ಕೇಳುವ ಹಾಗಿಲ್ಲ. ಸಾಯಂಕಾಲ ಅವನ ಪಾಲಿನ ಮೀನು ಅವನ ಮನೆ ಬಾಗಿಲಿಗೆ ಹೋಗಲೇಬೇಕು. ವರ್ಷಗಟ್ಟಲೆ, ಒಂದು ದಿನ ತಪ್ಪದೆ, ಜ್ವರ ಬಂದಾಗಲೂ ಅವರು ಕೇಳಿದರು.

ಅಲ್ಲ ಮಾರಾಯ್ರೆ, ದಡಕ್ಕೆ ಬಂದು ನಿಂತವನನ್ನು ಬರುತ್ತೀಯಾ ಎಂದು ಕೇಳುವುದುಂಟೆ? ಎಲೆ ಮುಂದೆ ಕೂತವನನ್ನು ಹಸಿವುಂಟಾ ಎಂದು ಕೇಳಿದ ಹಾಗಾಯಿತು. ಬೇರೆ ದೋಣಿಯವರು ನಗಾಡುತ್ತಿದ್ದರು. ಕೊರಗಣ್ಣನ ಶಾಲೆಯಲ್ಲಿ ಹಾಜರಿ ಕರೆಯದೆ ಪಾಠ ಶುರುವಾಗುವುದಿಲ್ಲ ಎಂದು ಹಂಗಿಸುತ್ತಿದ್ದರು.

ನಗುವವರಿಗೆ ಒಂದು ವಿಷಯ ಗೊತ್ತಿತ್ತು, ಆದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಕರಾವಳಿಯಲ್ಲಿ ಗಂಡಸೊಬ್ಬ ತಾನಾಗಿಯೇ "ಇವತ್ತು ನಾನು ಬರುವುದಿಲ್ಲ" ಎಂದರೆ ಮುಗಿಯಿತು, ಸಂಜೆಯೊಳಗೆ ಕೇರಿಯೆಲ್ಲ ಅವನು ಹೆದರಿ ಕೂತ ಎಂದು ಹೇಳುತ್ತದೆ. ಅದಕ್ಕಾಗಿ ಮೈಯಲ್ಲಿ ಕೆಂಡದಂಥ ಜ್ವರವಿದ್ದವನೂ ಹೋಗುತ್ತಾನೆ, ಹೆಂಡತಿ ಹೆರಿಗೆ ನೋವು ತಿನ್ನುತ್ತಿದ್ದವನೂ ಹೋಗುತ್ತಾನೆ, ಹಿಂದಿನ ದಿನ ಎದೆ ಹಿಡಿದವನೂ ಹೋಗುತ್ತಾನೆ. ಕೇಳಿದಾಗ ಇಲ್ಲ ಅನ್ನುವುದು ಬೇರೆ. ಅದರಲ್ಲಿ ಅವಮಾನವಿಲ್ಲ, ಪ್ರಶ್ನೆಗೆ ಉತ್ತರ ಕೊಟ್ಟದ್ದು ಅಷ್ಟೆ. ಕೊರಗ ಮಾವ ಇದನ್ನು ಯಾರಿಗೂ ಬಿಡಿಸಿ ಹೇಳಿದವರಲ್ಲ. ದಿನಾ ಕೇಳಿದರು, ಅಷ್ಟೆ. ಒಂದು ಮಾತು ಮಾತ್ರ ಆಗಾಗ ಹೇಳುತ್ತಿದ್ದರು.

"ದಡದ್ ಮೇಲೆ ಒಬ್ಬನ್ 'ಇಲ್ಲ' ಒಬ್ಬನಿಗೆ. ನೀರಿನ್ ಮೇಲೆ ಒಬ್ಬನ್ 'ಇಲ್ಲ' ಎಲ್ಲರಿಗೂ."

ದಡದಲ್ಲಾದರೆ ಒಬ್ಬ ಹಿಂದೆ ಉಳಿಯಬಹುದು. ದೋಣಿ ನೀರಿಗಿಳಿದ ಮೇಲೆ ಅದನ್ನು ಎರಡು ತುಂಡು ಮಾಡಲು ಬರುವುದಿಲ್ಲವಲ್ಲ. ಹಾಗಾಗಿ ನೀರಿನ ಮೇಲೆ ಒಬ್ಬ ಬೇಡ ಅಂದರೂ ದೋಣಿ ನಿಲ್ಲಬೇಕು.

ಎರಡು ವರ್ಷದಿಂದ ಮಾವನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದರಲ್ಲಿ ಬೆಳಕಿದ್ದರೆ ಆಕಾರ. ಅವರು ಹೇಳಲಿಲ್ಲ, ದೋಣಿಯವರಿಗೆ ಗೊತ್ತಾಗದೆ ಉಳಿಯಲೂ ಇಲ್ಲ. ಎರಡು ಸಾವಿರದ ಒಂಬತ್ತರ ಮಳೆಗಾಲ ಶುರುವಾಗಿ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿಕೊಂಡು ನಾಡದೋಣಿಗಳು ಇಳಿಯುವ ಹೊತ್ತಿಗೆ, ದೋಣಿಯಲ್ಲಿ ಪಾಲಿದ್ದ ಮನೆಯವರು ಕೂಡಿ ಮಾತಾಡಿದರು. ಈ ಸಲ ಅಶೋಕ ನಿಲ್ಲಲಿ ಎಂದರು. ಕುಷ್ಟನಿಗೆ ವಯಸ್ಸು ಹೆಚ್ಚು, ಅನುಭವವೂ ಹೆಚ್ಚು. ತಾಂಡೇಲಿಕೆ ತನಗೇ ಎಂದು ಅವನು ಎಣಿಸಿದ್ದ. ಮಾವನ ಮುಖ ನೋಡಿ ಅಳಿಯನಿಗೆ ಹೋಯಿತು.

ಮಾವನಿಗೆ ಹೇಳಬೇಕಾದ್ದನ್ನು ಯಾರೂ ಪೂರ್ತಿ ಹೇಳಲಿಲ್ಲ. "ಅಶೋಕ ನಿಲ್ಲಲಿ" ಎಂದರು, "ಆಯ್ತ್" ಎಂದರು ಅವರು. ಆದರೆ ನೀವು ಇನ್ನು ದೋಣಿ ಹತ್ತಬೇಡಿ ಎಂದು ಹೇಳುವ ಬಾಯಿ ಯಾರಿಗಿತ್ತು? ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ. ಎಲ್ಲರೂ ಅದನ್ನು ಅಶೋಕನ ಕೊರಳಿಗೆ ಕಟ್ಟಿ ಎದ್ದುಹೋದರು.

ಮೊದಲ ದಿನ ಬೆಳಿಗ್ಗೆ ಅಶೋಕ ದಡಕ್ಕೆ ಬಂದಾಗ ಮಾವ ಆಗಲೇ ಬಂದು ಮರಳಿನಲ್ಲಿ ಕೂತಿದ್ದರು. ಹೆಗಲಿಗೆ ಕೆಂಪು ಟವೆಲ್, ಪಕ್ಕದಲ್ಲಿ ಬೀಡಿಯ ತಗಡಿನ ಡಬ್ಬಿ, ಮಡಚಿದ ಮಳೆಕೋಟು. ಸಮುದ್ರಕ್ಕೆ ಹೊರಟವರ ಸಿದ್ಧತೆ.

ಅಶೋಕನ ಎದೆ ಧಸಕ್ಕೆಂದಿತು. ಒಬ್ಬೊಬ್ಬನನ್ನೇ ಕೇಳುತ್ತ ಹೋದರೆ ಕೊನೆಗೆ ಮಾವನ ಎದುರು ನಿಲ್ಲಲೇಬೇಕು. ಬತ್ರ್ಯಾ ಎಂದರೆ ಬತ್ತೆ ಅನ್ನುತ್ತಾರೆ. ಆ ಬಾಯಿಂದ ಬೇರೆ ಉತ್ತರ ಬಂದದ್ದನ್ನು ಅವನು ಕಂಡವನಲ್ಲ. ಬತ್ತೆ ಎಂದ ಮೇಲೆ ಹತ್ತಿಸಿಕೊಳ್ಳಬೇಕು. ಮಳೆಗಾಲದ ಸಮುದ್ರದಲ್ಲಿ ಕಣ್ಣಿಲ್ಲದವರನ್ನು ಕೂರಿಸಿಕೊಂಡರೆ ಅವರ ಜೀವಕ್ಕೂ ಕೇಡು, ಉಳಿದವರಿಗೂ ಕೇಡು. ಉಳಿದವರನ್ನು ಕೇಳಿ ಅವರೊಬ್ಬರನ್ನು ಬಿಟ್ಟರೋ, ಊರೆದುರಿಗೆ ಕೆನ್ನೆಗೆ ಹೊಡೆದಂತೆ. ಬಾಯಲ್ಲಿ ಬಿಸಿತುಪ್ಪ. ಅಶೋಕ ಆವತ್ತು ಆ ಪ್ರಶ್ನೆಯನ್ನೇ ನುಂಗಿದ.

"ಇನ್ ಮೇಲೆ ಅದೆಲ್ಲ ಬ್ಯಾಡ. ಸುಮ್ನೆ ಟೈಮ್ ವೇಸ್ಟ್," ಎಂದ. ಹುಡುಗ ಪ್ರಾಯದವರಿಗೆ ಖುಷಿಯಾಯಿತು. ಕುಷ್ಟ ಮರಳಿಗೆ ಉಗುಳಿದ. ಅವತ್ತಿನಿಂದ ಅವನು ದೋಣಿಯಲ್ಲಿ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದವನಲ್ಲ.

ಮಾವ ಮಾತ್ರ ದಿನಾ ಬಂದರು. ಟವೆಲ್, ಡಬ್ಬಿ, ಮಳೆಕೋಟು. ದೋಣಿ ಹೋದ ಮೇಲೂ ಕೂತಿರುವರು.

"ಅಣ್ಣ ಬೆಳಕ್ ಹರಿಯೂಕ್ ಮುಂಚೆ ಎದ್ಕಂಡ್ ಹೋತ್ರ್," ಎಂದು ಅಮ್ಮಣ್ಣಿ ಒಂದು ಬೆಳಿಗ್ಗೆ ಗಂಜಿ ಬಡಿಸುತ್ತ ಮಗನಿಗೆ ಹೇಳಿದಳು. "ಒಂದ್ ಮಾತ್ ಕೇಂಡ್ರೆ ನಿನ್ ಗಂಟ್ ಹೋತಾ?"

"ಕೇಂಡ್ರೆ ಬತ್ತೆ ಅಂತ್ರ್ ಅಬ್ಬಿ. ಆಗ ಎಂತ ಮಾಡುದ್?"

"ಅದ್ ಅವ್ರ್ ಹೇಳ್ದ್ ಮೇಲಿನ್ ಮಾತ್. ನೀ ಕೇಂಬುಕ್ ಮುಂಚೆಯೇ ಉತ್ರ ಕೊಟ್ಕಂಡ್ ಕೂಕಂಡ್ರೆ ಹ್ಯಾಂಗೆ?"

ಅಶೋಕ ಗಂಜಿ ಅರ್ಧಕ್ಕೆ ಬಿಟ್ಟು ಎದ್ದಿದ್ದ. ತಾಯಿಯ ಮಾತು ಚುಚ್ಚಿತ್ತು. ಚುಚ್ಚಿದ್ದು ನಿಜವಾದ್ದರಿಂದ ಇನ್ನಷ್ಟು ಸಿಟ್ಟು ಬಂದಿತ್ತು.

ಮುತ್ತನ ಕೈ ಜಾರಿದ ಆ ದಿನ ಸಮುದ್ರ ನೋಡಲು ಸಾಧುವಾಗಿಯೇ ಇತ್ತು. ದಕ್ಷಿಣಕ್ಕೆ ಸಿಗಡಿ ಎದ್ದಿದೆ ಎಂದು ಸುದ್ದಿ. ಅವರು ಬಲೆ ಬಿಟ್ಟಲ್ಲೂ ಸಿಕ್ಕಿತು, ಚೆನ್ನಾಗಿಯೇ ಸಿಕ್ಕಿತು. ಆಚೀಚೆ ಎಲ್ಲರೂ ಸಾಲಾಗಿ ನಿಂತು ಬಲೆ ಎಳೆಯುತ್ತಿದ್ದಾಗ ಮುತ್ತನ ಕಡೆಯ ಹಗ್ಗ ಸಡಿಲಾಯಿತು.

"ಹ್ವಾಯ್ ಮುತ್ತ, ಎಳಿ," ಎಂದು ಅಶೋಕ ಗದರಿದ.

ಮುತ್ತ ಎಳೆಯಲಿಲ್ಲ. ಬಲೆಯ ಮೇಲೆ, ಜಿಗಿಯುತ್ತಿದ್ದ ಸಿಗಡಿಗಳ ಮೇಲೆ ಬೋರಲಾಗಿ ಬಿದ್ದ. ಕುಷ್ಟ ಓಡಿಹೋಗಿ ತಿರುಗಿಸಿದ. ಮೈ ಸುಡುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಕಣ್ಣಿನ ಬಿಳಿ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಇಲಿಜ್ವರ ಎಂದು ಯಾರೋ ಮೆಲ್ಲಗೆ ಅಂದರು. ಆ ಹೆಸರು ಕೇಳಿದರೆ ಕುಂದಾಪುರದ ಉದ್ದಕ್ಕೂ ಜನ ಬೆಚ್ಚುತ್ತಾರೆ. ಹಿಂದಿನ ಮಳೆಗಾಲದಲ್ಲಿ ಗದ್ದೆಗಿಳಿದ ಎಷ್ಟೋ ಮಂದಿಯನ್ನು ಅದು ಒಯ್ದಿತ್ತು.

"ಇವ್ನಿಗೆ ಮೊನ್ನೆಯಿಂದ ಜ್ವರ ಇತ್ತಂಬ್ರ್," ಎಂದ ಕುಷ್ಟ. ಅವನು ಅಶೋಕನ ಹತ್ತಿರ ನೇರವಾಗಿ ಆಡಿದ ಮಾತು ಎಷ್ಟೋ ದಿನದ ಮೇಲೆ ಅದೇ.

ಅಶೋಕನಿಗೆ ಹೆದರಿಕೆಯಾಯಿತು, ಹೆದರಿಕೆ ಸಿಟ್ಟಾಗಿ ಹೊರಗೆ ಬಂತು. "ಹೇಳೂಕ್ ಆತಿಲ್ಯಾ ನಿಂಗೆ? ಬಾಯಿ ಇಲ್ಯಾ?"

ಮುತ್ತ ಕಣ್ಣು ಬಿಟ್ಟ. "ನೀ ಕೇಂಡ್ರೆ ಹೇಳ್ವಾ ಅಂದ್ಕಂಡೆ," ಎಂದ. "ಜಲಜನತ್ರ ಹೇಳಿಯೇ ಬಂದಿದ್ದೆ, ತಾಂಡೇಲ ಕೇಂಡ ಕೂಡ್ಲೆ ಇಲ್ಲ ಅಂದ್ ತಿರ್ಗಿ ಬತ್ತೆ ಅಂತ. ನೀ ಕೇಂಡಿಲ್ಲ ಅಲ್ದಾ."

ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಅಶೋಕ ಎದುರು ಮಾತಾಡುತ್ತಿದ್ದನೋ ಏನೋ. ಬೆಳಿಗ್ಗೆ ಮುತ್ತ ತನ್ನ ಬೆನ್ನ ಹಿಂದೆ ಕಾದು ನಿಂತಿರಬೇಕು ಎಂದು ಅವನಿಗೆ ಈಗ ಅರ್ಥವಾಯಿತು. ಮಾವನ ಒಂದು 'ಬತ್ತೆ'ಗೆ ಹೆದರಿ, ಮುತ್ತನ 'ಇಲ್ಲ'ವನ್ನು ತಾನೇ ಅವನ ಗಂಟಲಲ್ಲಿ ಅದುಮಿದ್ದ.

ಬಲೆಯನ್ನು ಸಿಕ್ಕಿದ ಹಾಗೆ ಒಳಗೆ ಎಳೆದು ಹಾಕಿಕೊಂಡು ದೋಣಿ ತಿರುಗಿಸಿದರು. ಎಂಜಿನ್ ಹಿಡಿದಿದ್ದ ಗೋವರ್ಧನ ದಾರಿಯಲ್ಲೇ ಮೊಬೈಲ್‌ನಿಂದ ದಡಕ್ಕೆ ತಿಳಿಸಿದ. ಓಮ್ನಿ ಒಂದು ತಂದು ನಿಲ್ಲಿಸಲು ಹೇಳಿದ.

ಅಳಿವೆಯ ಹತ್ತಿರ ಬಂದಾಗ ಗೋವರ್ಧನ ಎಂಜಿನ್ ನಿಧಾನ ಮಾಡಿದ. ನೀರು ಇಳಿತಕ್ಕೆ ಹೋಗಿತ್ತು. ಮಳೆಯ ನೀರು ತುಂಬಿದ ಹೊಳೆ ಹೊರಗೆ ನುಗ್ಗುತ್ತಿತ್ತು, ಹೊರಗಿನಿಂದ ಸಮುದ್ರ ಒಳಗೆ ನುಗ್ಗುತ್ತಿತ್ತು. ಎರಡೂ ಗುದ್ದಾಡುವ ಜಾಗದಲ್ಲಿ ಅಡ್ಡಕ್ಕೆ ಉದ್ದಕ್ಕೂ ಬಿಳಿ ನೊರೆ. ಬೆಳಿಗ್ಗೆ ಸಾಧುವಾಗಿದ್ದದ್ದು ಈಗ ಹಲ್ಲು ಕಿಸಿಯುತ್ತಿತ್ತು. ಉಳಿದ ದೋಣಿಗಳು ನೀರು ಇಳಿಯುವ ಮುಂಚೆಯೇ ಒಳಗೆ ಸೇರಿದ್ದವು. ದೂರದ ಗಂಗೊಳ್ಳಿ ಬಂದರಿಗೆ ಹೋಗೋಣವೆಂದರೆ ಅಷ್ಟು ಸೀಮೆಎಣ್ಣೆ ಇರಲಿಲ್ಲ.

ಅಳಿವೆ ದಾಟುವುದರಲ್ಲಿ ಒಂದು ಸಂಗತಿಯಿದೆ. ಸಮುದ್ರದ ಕಡೆಯಿಂದ ಬರುವವನಿಗೆ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ಅದು ಎಲ್ಲಿ ಒಡೆಯುತ್ತದೆ ಎಂದು ಕಾಣುವುದಿಲ್ಲ. ದಡದಲ್ಲಿ ಎತ್ತರಕ್ಕೆ ನಿಂತವನಿಗೆ ಎಲ್ಲ ಕಾಣುತ್ತದೆ. ಹಾಗಾಗಿ ತಿಳಿದವರೊಬ್ಬರು ಅಲ್ಲಿ ನಿಂತು, ಅಲೆ ಬಿಡುವು ಕೊಟ್ಟಾಗ ಬಟ್ಟೆ ಎತ್ತುತ್ತಾರೆ. ಎತ್ತಿದ ಕೂಡಲೇ ದೋಣಿ ನುಗ್ಗಬೇಕು. ಕೊರಗ ಮಾವ ದಡದಲ್ಲಿದ್ದ ದಿನ ಬೇರೆ ಯಾರೂ ಬಟ್ಟೆ ಎತ್ತುವ ಪದ್ಧತಿ ಇರಲಿಲ್ಲ. ಅವರ ಟವೆಲ್ ನಂಬಿ ಬಂದ ದೋಣಿ ಒಂದೂ ಮಗುಚಿರಲಿಲ್ಲ. ಕಣ್ಣು ಮಂಜಾದ ಮೇಲೂ ಆ ನಂಬಿಕೆ ಹೋಗಿರಲಿಲ್ಲ, ಕೊರಗಣ್ಣ ಕಿವಿಯಿಂದಲೇ ಅಲೆ ಅಳೆಯುತ್ತಾರೆ ಎನ್ನುತ್ತಿದ್ದರು.

ಈಗಲೂ ಅವರೇ ನಿಂತಿದ್ದರು. ಪಕ್ಕದಲ್ಲಿ ಮುತ್ತನ ಹೆಂಡತಿ ಜಲಜ, ಮೀನಿನ ಬುಟ್ಟಿಯನ್ನು ಎಲ್ಲೋ ಬಿಟ್ಟು ಓಡಿಬಂದವಳು. ಹಿಂದೆ ಬಾಗಿಲು ತೆರೆದ ಓಮ್ನಿ. ಅಷ್ಟು ಹತ್ತಿರ. ಕೂಗಿದರೆ ಕೇಳುವಷ್ಟು ಹತ್ತಿರ.

ಕೆಂಪು ಟವೆಲ್ ಮೇಲೆ ಹೋಯಿತು.

"ಕೊರಗಣ್ಣ ಎತ್ತಿದ್ರ್, ಹೋಪ," ಎಂದು ಗೋವರ್ಧನ ಎಂಜಿನ್‌ಗೆ ಕೈ ಹಾಕಿದ. ಎಲ್ಲರೂ ಅಶೋಕನ ಕಡೆ ನೋಡಿದರು.

'ಬಿಡು' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಮುತ್ತನ ಹಲ್ಲು ಕಟಕಟಿಸುವ ಸದ್ದು ಅದನ್ನು ಹಿಡಿದು ನಿಲ್ಲಿಸಿತು. ಅಶೋಕ ಸಮುದ್ರಕ್ಕೆ ಬೆನ್ನು ಮಾಡಿ ತನ್ನವರ ಕಡೆ ತಿರುಗಿದ. ಆ ಮಳೆಗಾಲದಲ್ಲಿ ಮೊದಲ ಸಲ ಒಬ್ಬೊಬ್ಬನ ಮುಖವನ್ನೂ ನೋಡಿದ.

"ಒಳ್ಗ್ ಹೋಪನಾ?" ಎಂದು ನೀರು ಚೇಪುವವನಿಂದ ಶುರು ಮಾಡಿದ.

"ಇದ್ ಕೇಂಬ ಹೊತ್ತಾ ಮಾರಾಯ?" ಎಂದು ಗೋವರ್ಧನ ಹೇಳಿದ.

"ಉತ್ರ ಕೊಡಿ. ಹೋಪನಾ?"

"ಹೋಪ." "ಹೋಪ." "ಹೋಪ." ಬೇಗ ಬೇಗ ಬಂದವು. ಮುತ್ತನನ್ನೂ ಕೇಳಿದ. ಅವನು ದಡದ ಕಡೆ ತಲೆ ತಿರುಗಿಸಿ "ಹೋಪ" ಎಂದು ತುಟಿ ಅಲ್ಲಾಡಿಸಿದ. ಉಳಿದವನು ಕುಷ್ಟ. ಮುತ್ತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅವನು ಟವೆಲ್ ನೋಡುತ್ತಿರಲಿಲ್ಲ, ಬಡಗು ದಿಕ್ಕಿಗೆ ನೋಡುತ್ತಿದ್ದ.

"ಇಲ್ಲ," ಎಂದ.

ಗೋವರ್ಧನ ಬೈದ. "ಕೊರಗಣ್ಣ ಕರೀತಿದ್ರ್, ಇವ ಇಲ್ಲ ಅಂತ. ಮುತ್ತ ನಿನ್ ತೊಡಿ ಮೇಲೇ ಸಾಯ್ಲಿ ಅಂತ್ಯಾ?"

'ಯಾಕೆ' ಎಂದು ಕೇಳಲು ಅಶೋಕನ ಬಾಯಿ ತೆರೆದೇ ಇತ್ತು. ಇವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂಬ ಯೋಚನೆ ಬಂತು. ನಾನು ಸೋಲಲಿ ಎಂದು ಕಾಯುತ್ತಿದ್ದವನು, ಮುತ್ತ ದೋಣಿಯಲ್ಲೇ ಸತ್ತರೆ ನಾಳೆ ಕೇರಿಯಲ್ಲಿ ಅಶೋಕ ಕೊಂದ ಎನ್ನುತ್ತಾರೆ, ಇವನಿಗೆ ತಾಂಡೇಲಿಕೆ ತಾನಾಗಿ ಬರುತ್ತದೆ. ದಡದಲ್ಲಿ ಟವೆಲ್ ಜೋರಾಗಿ ಬೀಸುತ್ತಿತ್ತು. ಒಂದು ಕಡೆ ಸಾಕಿ ಬೆಳೆಸಿದ ಕೈ ಬಾ ಎನ್ನುತ್ತಿದೆ, ಇನ್ನೊಂದು ಕಡೆ ತನ್ನನ್ನು ಕಂಡರಾಗದವನು ಬೇಡ ಎನ್ನುತ್ತಿದ್ದಾನೆ. ಆದರೆ ಬೇಡ ಅಂದವನ ಮಾತಿಗೆ ತಲೆಬಾಗಬೇಕೆಂದು ಕಲಿಸಿದ್ದೂ ಅದೇ ಕೈ.

"ಅವನತ್ರ ಯಾರೂ ಎಂತದೂ ಕೇಂಬುದ್ ಬ್ಯಾಡ," ಎಂದ ಅಶೋಕ. "ಇಲ್ಲ ಅಂದ್ರೆ ಇಲ್ಲ. ಗೋವರ್ಧನ, ತಿರ್ಗ್ಸ್."

ಗೋವರ್ಧನ ಹಲ್ಲು ಕಚ್ಚಿಕೊಂಡು ದೋಣಿಯ ಮೂತಿಯನ್ನು ಹೊರಕ್ಕೆ ತಿರುಗಿಸಿದ. ಪೂರ್ತಿ ತಿರುಗುವಷ್ಟರಲ್ಲಿ ಬಡಗಿನಿಂದ ಅಲೆ ಎದ್ದಿತು. ಹುಟ್ಟಿದ್ದು ಯಾರಿಗೂ ಕಾಣದ ಹಾಗೆ ಓರೆಯಾಗಿ ಬಂದದ್ದು. ದೋಣಿಯನ್ನು ಎತ್ತಿ ಕೆಳಗಿಳಿಸಿ ಮುಂದೆ ಹೋಗಿ, ಅಳಿವೆಯ ಬಾಯಲ್ಲಿ, ಅವರು ಈಗ ಇರಬೇಕಾಗಿದ್ದ ಜಾಗದಲ್ಲೇ ಒಡೆಯಿತು. ಅದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ನೆಲ ಗುಡುಗಿದ ಸದ್ದು. ಹೊಳೆಯಲ್ಲಿ ತೇಲಿಬಂದ ತೆಂಗಿನ ಮರದ ಬೊಡ್ಡೆಯೊಂದು ಆ ನೊರೆಯಲ್ಲಿ ನೆಟ್ಟಗೆ ಎದ್ದು ನಿಂತು ಮುಳುಗಿತು.

ಎಲ್ಲರೂ ದಡದ ಕಡೆ ನೋಡಿದರು.

ಕೆಂಪು ಟವೆಲ್ ಇನ್ನೂ ಮೇಲೆಯೇ ಇತ್ತು. ಅಷ್ಟು ದೊಡ್ಡ ಅಲೆ ಎದುರಿಗೆ ಒಡೆಯುತ್ತಿದ್ದರೂ ಮಾವ ಬಾ ಬಾ ಎಂದು ಬೀಸುತ್ತಲೇ ಇದ್ದರು. ಆಮೇಲೆ ಸದ್ದು ಅವರಿಗೆ ತಲುಪಿರಬೇಕು. ಜಲಜ ಅವರ ಕೈಯನ್ನು ಹಿಡಿದು ಕೆಳಗಿಳಿಸುವುದು ದೋಣಿಯಿಂದ ಕಂಡಿತು.

ಅಶೋಕನಿಗೆ ಆಗ ಅಳು ಬಂತು. ಜೀವ ಉಳಿದದ್ದಕ್ಕಲ್ಲ. ಆ ಇಳಿದ ಕೈ ಕಂಡು. ಕುಷ್ಟ ಅವನನ್ನು ನೋಡಿ, ಏನೂ ಕಾಣದವನ ಹಾಗೆ ಮುತ್ತನ ಹಣೆಯ ನೀರು ಒರೆಸಿದ.

ಅಲ್ಲಿಂದ ಮುಂದೆ ಕಾಯುವುದು. ನೀರು ಏರುವ ತನಕ ಬೇರೆ ದಾರಿಯಿಲ್ಲ. ಮಳೆ ಹೊಡೆದು ಹೋಯಿತು, ಮತ್ತೆ ಬಂತು. ಮುತ್ತ ಎರಡು ಸಲ ವಾಂತಿ ಮಾಡಿಕೊಂಡ, ಮೂರನೆಯದಕ್ಕೆ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಮೈಯ ಬಿಸಿ ಇಳಿದು ತಣ್ಣಗಾಗತೊಡಗಿತು, ಅದು ಇನ್ನೂ ಭಯ. ಬಲೆಯಲ್ಲಿದ್ದ ಸಿಗಡಿಯನ್ನು ಯಾರೂ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೊಮ್ಮೆ ಅಶೋಕ ಎಲ್ಲರನ್ನೂ ಕೇಳುತ್ತಿದ್ದ. ಎಲ್ಲರೂ ಹೋಪ ಎನ್ನುತ್ತಿದ್ದರು, ಕುಷ್ಟ ಇಲ್ಲ ಎನ್ನುತ್ತಿದ್ದ. ಪ್ರತಿ ಸಲ ಆ 'ಇಲ್ಲ' ಕೇಳಿದಾಗ ಮುತ್ತನ ಎದೆ ಏರಿ ಇಳಿಯುತ್ತಿದೆಯೇ ಎಂದು ಅಶೋಕ ನೋಡಿಕೊಳ್ಳುತ್ತಿದ್ದ. ಈ ಸಲವಾದರೂ ಹೂಂ ಅನ್ನು ಎಂದು ಮನಸ್ಸಿನಲ್ಲೇ ಕುಷ್ಟನ ಕಾಲು ಹಿಡಿದ. ಬಾಯಲ್ಲಿ ಮಾತ್ರ ಒತ್ತಾಯ ಮಾಡಲಿಲ್ಲ.

ಸೂರ್ಯ ಮೋಡದ ಕೆಳಗಿಂದ ಒಮ್ಮೆ ಇಣುಕಿ ನೀರಿಗೆ ಹತ್ತಿರವಾದ. ಬಿಳಿಯ ಗೆರೆ ತೆಳ್ಳಗಾಯಿತು.

"ಹೋಪನಾ?"

ಕುಷ್ಟ ಬಡಗು ನೋಡಿದ, ಹಿಂದೆ ನೋಡಿದ, ಇನ್ನೊಂದು ಅಲೆ ಹೋಗಲು ಬಿಟ್ಟ. "ಹೋಪ," ಎಂದ.

ಗೋವರ್ಧನ ಎಂಜಿನ್ ಕಿವಿ ಹಿಂಡಿದ. ಒಂದು ಅಲೆಯ ಬೆನ್ನ ಮೇಲೆ ಕೂತು ದೋಣಿ ಒಳಗೆ ಹೋಯಿತು. ಹಿಂದಿನದು ಅಂಚು ದಾಟಿ ಒಳಗೆ ಸುರಿದು ಎಲ್ಲರನ್ನೂ ತೊಯ್ಯಿಸಿತು, ಮಗುಚಲಿಲ್ಲ. ಹೊಳೆಯ ನೀರಿಗೆ ಬಂದ ಕೂಡಲೇ ನಾಲ್ಕು ಜನ ಹಾರಿ ಮುತ್ತನನ್ನು ಹೊತ್ತರು. ಜಲಜ ಓಮ್ನಿಯೊಳಗೆ ಹತ್ತಿ ಅವನ ಕಾಲು ಹಿಡಿದು ಕೂತಳು. ಕುಂದಾಪುರದ ಡಾಕ್ಟರು ಇನ್ನೊಂದು ರಾತ್ರಿ ಕಳೆದಿದ್ದರೆ ಕಷ್ಟವಿತ್ತು ಎಂದರಂತೆ. ಕಿಡ್ನಿಗೆ ಇಳಿಯುತ್ತಿದ್ದದ್ದನ್ನು ಹಿಡಿದು ನಿಲ್ಲಿಸಿದರು. ಮುತ್ತ ಬದುಕಿದ.

ದಡ ಖಾಲಿಯಾದ ಮೇಲೂ ಮಾವ ಅಲ್ಲೇ ಕೂತಿದ್ದರು. ಟವೆಲ್ ಮಡಿಲಲ್ಲಿತ್ತು. ಅಶೋಕ ಹತ್ತಿರ ಹೋಗಿ ಕೂತ.

"ಬ್ಯಾಡ ಅಂದದ್ ಯಾರ್?" ಎಂದು ಮಾವ ಕೇಳಿದರು.

"ಕುಷ್ಟ."

"ಅವ್ನಾಯೇ ಹೇಳ್ದ್ನಾ?"

"ಇಲ್ಲ. ನಾ ಕೇಂಡೆ."

ಮಾವ ತಲೆಯಾಡಿಸಿದರು. ಡಬ್ಬಿ ತೆರೆದು ಬೀಡಿ ತೆಗೆದರು, ಹಚ್ಚಲಿಲ್ಲ. ಅಶೋಕ ಅವರನ್ನು ಕೈಹಿಡಿದು ಎಬ್ಬಿಸಿಕೊಂಡು ಮನೆಗೆ ಕರೆದುಕೊಂಡು ಹೋದ.

ಸಮುದ್ರ ಎರಡು ದಿನ ಯಾರನ್ನೂ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಶೋಕ ದಡಕ್ಕೆ ಬಂದಾಗ ಮಾವ ಆಗಲೇ ಬಂದು ಕೂತಿದ್ದರು. ಟವೆಲ್, ಡಬ್ಬಿ, ಮಡಚಿದ ಮಳೆಕೋಟು. ಅದನ್ನು ಕಂಡು ಅಶೋಕನ ಎದೆ ಮತ್ತೆ ಧಸಕ್ಕೆಂದಿತು, ಮೊದಲ ದಿನದ ಹಾಗೆಯೇ. ಆದರೆ ಈ ಸಲ ಅವನು ಸಮುದ್ರದ ಕಡೆ ತಿರುಗಿ ನಿಲ್ಲಲಿಲ್ಲ.

ನೀರು ಚೇಪುವವನ ಎದುರು ಹೋಗಿ "ಬತ್ಯಾ?" ಎಂದ. "ಬತ್ತೆ." ಗೋವರ್ಧನನ ಎದುರು, ಟೈಮ್ ವೇಸ್ಟ್ ಎಂದಿದ್ದ ತನ್ನ ಮಾತು ನೆನೆದು ನಾಚಿಕೆಯಾಯಿತು, ಆದರೂ ಕೇಳಿದ. ಆಮೇಲೆ ಕುಷ್ಟನ ಎದುರು ಹೋಗಿ ನಿಂತು ಮುಖ ನೋಡಿದ.

"ಬತ್ಯಾ?"

"ಬತ್ತೆ ತಾಂಡೇಲ," ಎಂದ ಕುಷ್ಟ. ಅವನು ಅಶೋಕನನ್ನು ಹಾಗೆ ಕರೆದದ್ದು ಅದೇ ಮೊದಲು.

ಉಳಿದವರು ಒಬ್ಬರೇ. ಅಶೋಕ ಮರಳಿನ ಮೇಲೆ ನಡೆದು ಹೋದ. ದಡದಲ್ಲಿದ್ದ ಬೇರೆ ದೋಣಿಯವರೂ ಮಾತು ನಿಲ್ಲಿಸಿ ನೋಡುತ್ತಿದ್ದರು. ಅವನು ರಾತ್ರಿಯೇ ತೀರ್ಮಾನ ಮಾಡಿಕೊಂಡಿದ್ದ: ಬತ್ತೆ ಎಂದರೆ ಹೆಗಲ ಮೇಲೆ ಹೊತ್ತಾದರೂ ಹತ್ತಿಸಿಕೊಳ್ಳುತ್ತೇನೆ, ಆಮೇಲೆ ದೇವರಿಟ್ಟ ಹಾಗೆ. ಕೇಳಿದ ಮೇಲೆ ಉತ್ತರ ಅವರದ್ದು.

ಎದುರು ಕುಕ್ಕರಗಾಲಲ್ಲಿ ಕೂತು, ಆ ಮಂಜು ಕಣ್ಣುಗಳ ಮಟ್ಟಕ್ಕೆ ಮುಖ ತಂದ.

"ಮಾವ, ಬತ್ರ್ಯಾ?"

ಮಾವ ದನಿ ಬಂದ ಕಡೆ ಮುಖ ಎತ್ತಿದರು. ಅಷ್ಟು ವರ್ಷ ಅವರು ಊರ ಗಂಡಸರನ್ನೆಲ್ಲ ಕೇಳಿದ್ದರು. ಅವರನ್ನು ಯಾರೂ ಒಂದು ದಿನವೂ ಕೇಳಿರಲಿಲ್ಲ. ತಾಂಡೇಲನನ್ನು ಕೇಳುವವರು ಯಾರು? ಕಣ್ಣು ಮಂಜಾದ ದಿನವೂ, ಮೊಣಕಾಲು ಮಡಚದ ದಿನವೂ, ಕೇಳುವವರಿಲ್ಲದೆ ಅವರು ಸುಮ್ಮನೆ ದೋಣಿ ಹತ್ತಿದ್ದರು. ತಾಂಡೇಲಿಕೆಯಿಂದ ಕೆಳಗಿಳಿಸಿದ ಮೇಲೂ ದಿನಾ ಬಂದು ಕೂತದ್ದು ಹತ್ತುವುದಕ್ಕಾಗಿ ಎಂದು ಅಶೋಕ ತಿಳಿದಿದ್ದ. ಈಗ ಆ ಮುಖ ನೋಡುತ್ತ ಅವನಿಗೆ ಗೊತ್ತಾಯಿತು, ಮಾವ ಕಾಯುತ್ತಿದ್ದದ್ದು ದೋಣಿಗಲ್ಲ.

"ಇಲ್ಲ ಮಗಾ," ಎಂದರು ಮಾವ, ಎಲ್ಲರಿಗೂ ಕೇಳುವ ಹಾಗೆ. "ಬತ್ತಿಲ್ಲೆ."

ಯಾಕೆ ಎಂದು ಯಾರೂ ಕೇಳಲಿಲ್ಲ. ಕುಷ್ಟ ದೋಣಿಯ ಅಂಚಿಗೆ ಕೈ ಹಾಕಿ ಆ ಕಡೆ ತಿರುಗಿಕೊಂಡ. ಗೋವರ್ಧನ ಮೂಗು ಒರೆಸಿಕೊಂಡ. ಅಶೋಕ "ಆಯ್ತ್ ಮಾವ" ಎಂದು ಹೇಳಿ ಎದ್ದು ದೋಣಿಯ ಕಡೆ ನಡೆದ.

ಆವತ್ತು ಬಂಗುಡೆ ಸಿಕ್ಕಿತು. ಹೇಳಿಕೊಳ್ಳುವಷ್ಟೇನಲ್ಲ. ಸಾಯಂಕಾಲ ಪಾಲು ಮಾಡುವಾಗ ಬಾರದವರ ಹೆಸರಿನಲ್ಲಿ ಎರಡು ಪಾಲು ತೆಗೆದಿಟ್ಟರು. ಒಂದನ್ನು ಕುಷ್ಟ ಜಲಜನ ಮನೆಗೆ ಮುಟ್ಟಿಸಿದ. ಇನ್ನೊಂದನ್ನು ಅಶೋಕ ತಂದು ಅಡುಗೆಮನೆಯ ಹೊರಗೆ, ಅಮ್ಮಣ್ಣಿ ಮೀನು ಕೊಯ್ಯುವ ಜಾಗದಲ್ಲಿ ಇಟ್ಟ.

"ಇದ್ ಯಾರ್ ಪಾಲ್?" ಎಂದು ಅವಳು ಕೇಳಿದಳು.

ಜಗಲಿಯಲ್ಲಿ ಕೂತು ಬೀಡಿ ಹಚ್ಚುತ್ತಿದ್ದ ಅಣ್ಣನೇ ಉತ್ತರ ಕೊಟ್ಟರು.

"ನಂದ್," ಎಂದರು.